ಬಿಡುಗಡೆಯ ವಾಕ್ಯದಲ್ಲೊಂದು ಕಿಂಡಿ

ಅಮೆರಿಕದ ಸಂವಿಧಾನದ ಹದಿಮೂರನೇ ತಿದ್ದುಪಡಿಯನ್ನು 1865ರ ಜನವರಿ 31ರಂದು ಪ್ರತಿನಿಧಿ ಸಭೆ 119–56 ಮತಗಳಿಂದ ಅಂಗೀಕರಿಸಿತು. ಡಿಸೆಂಬರ್ 6ರಂದು ಜಾರ್ಜಿಯಾ ಒಪ್ಪಿದಾಗ ಅಗತ್ಯವಿದ್ದ ರಾಜ್ಯಗಳ ಸಂಖ್ಯೆ ತುಂಬಿತು. ಇಡೀ ತಿದ್ದುಪಡಿಯಲ್ಲಿರುವುದು ಎರಡೇ ವಾಕ್ಯ. ಅವುಗಳನ್ನು ಬಿಡಿಸಿ ಓದೋಣ.

ಗುಲಾಮಗಿರಿಯಾಗಲಿ
1787ರ ಮೂಲ ಸಂವಿಧಾನ ಐವರು ಗುಲಾಮರನ್ನು ಮೂವರೆಂದು ಎಣಿಸಿ ಪ್ರಾತಿನಿಧ್ಯ ಹಂಚಿತ್ತು. ಆದರೆ ಗುಲಾಮಗಿರಿ ಎಂಬ ಹೆಸರನ್ನು ಎಲ್ಲೂ ಎತ್ತಿರಲಿಲ್ಲ. 1860ರ ಜನಗಣತಿಯ ಹೊತ್ತಿಗೆ ಗುಲಾಮರ ಸಂಖ್ಯೆ 39 ಲಕ್ಷ ದಾಟಿತ್ತು. ಮುಚ್ಚಿಟ್ಟಿದ್ದ ಆ ಪದ ಸಂವಿಧಾನದೊಳಗೆ ಬಂದದ್ದು ಇಲ್ಲೇ ಮೊದಲು, ಬಂದದ್ದೂ ನಿಷೇಧಕ್ಕೊಳಗಾಗಲೆಂದೇ.

ಬಲವಂತದ ದುಡಿಮೆಯಾಗಲಿ
ನಮ್ಮ ಜೀತವನ್ನು ನೆನೆದರೆ ಇದರ ಅರ್ಥ ತಿಳಿಯುತ್ತದೆ. ಮನುಷ್ಯನನ್ನು ಕೊಳ್ಳದೆ, ಸಾಲ ಕೊಟ್ಟೂ ಕಟ್ಟಿಹಾಕಬಹುದು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ವಂಚಕನೆಂದೇ ಭಾವಿಸುತ್ತಿದ್ದ ಅಲಬಾಮಾದ ಕಾನೂನನ್ನು ಸುಪ್ರೀಂ ಕೋರ್ಟ್ 1911ರಲ್ಲಿ ತಳ್ಳಿಹಾಕಿದ್ದು ಈ ಮಾತಿನ ಬಲದಿಂದಲೇ.

ಅಪರಾಧ ಸಾಬೀತಾಗಿ ವಿಧಿಸಿದ ಶಿಕ್ಷೆಯ ಹೊರತು
ವಾಕ್ಯದ ಕಿಂಡಿ ಇದೇ. 1787ರ ವಾಯವ್ಯ ಪ್ರಾಂತ್ಯದ ಶಾಸನದಿಂದ ಎತ್ತಿಕೊಂಡ ಮಾತಿದು. ದಕ್ಷಿಣದ ರಾಜ್ಯಗಳು ಈ ಕಿಂಡಿಯನ್ನು ಹೆಬ್ಬಾಗಿಲು ಮಾಡಿಕೊಂಡವು. ಮಿಸಿಸಿಪ್ಪಿ 1865ರಲ್ಲೇ ಅಲೆಮಾರಿತನದ ಕಾನೂನು ತಂದು, ಕೆಲಸವಿಲ್ಲದ ಕಪ್ಪು ಜನರನ್ನು ಅಪರಾಧಿಗಳೆಂದಿತು. ದಂಡ ಕಟ್ಟಲಾಗದವರನ್ನು, ದಂಡ ತೆತ್ತವರ ಬಳಿ ದುಡಿಯಲು ಕಳಿಸಿತು. ಮುಂದೆ ಕೈದಿಗಳನ್ನು ಗಣಿಗಳಿಗೆ, ರೈಲುಹಾದಿಯ ಕೆಲಸಕ್ಕೆ, ತೋಟಗಳಿಗೆ ಗುತ್ತಿಗೆ ಕೊಡುವ ಪದ್ಧತಿಯೇ ಬೆಳೆಯಿತು. ಗುತ್ತಿಗೆದಾರನಿಗೆ ಕೈದಿ ಸತ್ತರೂ ನಷ್ಟವಿರಲಿಲ್ಲ, ಇನ್ನೊಬ್ಬ ಸಿಗುತ್ತಿದ್ದ. ಅಲಬಾಮಾದಲ್ಲಿ ಇದು ನಿಂತದ್ದು 1928ರಲ್ಲಿ.

ಈ ದೇಶದಲ್ಲಿ, ಇದರ ಅಧಿಕಾರಕ್ಕೊಳಪಟ್ಟ ಯಾವ ನೆಲದಲ್ಲೂ ಇರಕೂಡದು
ಅಧ್ಯಕ್ಷ ಲಿಂಕನ್ನರ 1863ರ ಗುಲಾಮ ವಿಮೋಚನೆಯ ಘೋಷಣೆ ಒಕ್ಕೂಟದ ವಿರುದ್ಧ ದಂಗೆಯೆದ್ದ ಪ್ರದೇಶಗಳಿಗಷ್ಟೇ ಅನ್ವಯಿಸಿತ್ತು. ಒಕ್ಕೂಟದಲ್ಲೇ ಉಳಿದ ಕೆಂಟಕಿ, ಡೆಲವೇರ್‌ಗಳ ಗುಲಾಮರನ್ನು ಬಿಡಿಸಿದ್ದು ಈ ವಾಕ್ಯ. 'ಇರಕೂಡದು' ಎಂಬ ಕ್ರಿಯಾಪದವನ್ನೂ ಗಮನಿಸಬೇಕು. ಸರ್ಕಾರ ಹೀಗೆ ಮಾಡಬಾರದು ಎಂದಷ್ಟೇ ಹೇಳಿದ್ದರೆ ಖಾಸಗಿ ಯಜಮಾನ ತಪ್ಪಿಸಿಕೊಳ್ಳುತ್ತಿದ್ದ. ಈ ಮಾತು ಅವನನ್ನೂ ಕಟ್ಟುತ್ತದೆ.

ಇದನ್ನು ಜಾರಿಗೊಳಿಸುವ ಅಧಿಕಾರ ಕಾಂಗ್ರೆಸ್ಸಿನದು
ಎರಡನೇ ವಾಕ್ಯ ಚಿಕ್ಕದು, ಅದರ ಫಲ ದೊಡ್ಡದು. ಇದನ್ನು ಆಧರಿಸಿ 1866ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಮನೆ ಮಾರುವಾಗ ಜನಾಂಗ ನೋಡಕೂಡದೆಂದು 1968ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು ಅದೇ ಕಾಯ್ದೆಯಡಿ.

2018ರಲ್ಲಿ ಕೊಲೊರಾಡೊದ ಮತದಾರರು ತಮ್ಮ ರಾಜ್ಯದ ಸಂವಿಧಾನದಿಂದ ಶಿಕ್ಷೆಯ ವಿನಾಯಿತಿಯನ್ನು ಅಳಿಸಿದರು. ದೇಶದ ಸಂವಿಧಾನದಲ್ಲಿ ಅದು ಇನ್ನೂ ಹಾಗೆಯೇ ಉಳಿದಿದೆ.