ಮೂಲವೂ ಟೀಕೆಯೂ: ನ್ಯಾಯಾಧೀಶರ ನಿಯುಕ್ತಿಯ ನಿಯಮಗಳನ್ನು ಕುರಿತು ಒಂದು ವಿಮರ್ಶೆ

ಬ್ಯಾಡಗಿ, ರಾಣೆಬೆನ್ನೂರು, ಹಾನಗಲ್ಲು, ಹಿರೇಕೆರೂರು ಮೊದಲಾದ ಸೀಮೆಗಳನ್ನೊಳಗೊಂಡ ಇಂದಿನ ಹಾವೇರಿ ಜಿಲ್ಲೆಯು ಶಾಸನಗಳ ದೃಷ್ಟಿಯಿಂದ ಬಹು ಸಂಪನ್ನವಾದ ನೆಲ. ಆ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ. ಶ. 1200ರ ಶಾಸನವೊಂದು ಏಕಾಂತದ ರಾಮಯ್ಯನ ವೃತ್ತಾಂತವನ್ನು ಹೇಳುತ್ತದೆಂಬುದು ವಿದ್ವಾಂಸರು ಬಲ್ಲ ವಿಷಯ. ಅದನ್ನು ಬಹುಮಟ್ಟಿಗೆ ಮತಗಳ ಇತಿಹಾಸಕ್ಕೆ ಆಧಾರವೆಂದೇ ಓದುತ್ತ ಬಂದಿದ್ದಾರೆ. ಆದರೆ ಆ ವೃತ್ತಾಂತದಲ್ಲಿ ಮತದ ಪ್ರಶ್ನೆಯೊಡನೆ ನಿಯಮದ ಪ್ರಶ್ನೆಯೊಂದೂ ಸೇರಿಕೊಂಡಿದೆ. ಸ್ಪರ್ಧೆಗೆ ಮುಂಚೆ ಉಭಯಪಕ್ಷದವರೂ ಒಪ್ಪಿದ ನಿಯಮವನ್ನು ಸ್ಪರ್ಧೆಯು ನಡೆದಮೇಲೆ ಯಾರು, ಯಾವ ಅಧಿಕಾರದಿಂದ ಬದಲಾಯಿಸಬಹುದು ಎಂಬುದೇ ಆ ಪ್ರಶ್ನೆ. ನಮ್ಮ ಕಾಲದಲ್ಲಿ ಉಚ್ಚ ನ್ಯಾಯಾಲಯಗಳಿಗೆ ನ್ಯಾಯಾಧೀಶರನ್ನು ನಿಯಮಿಸುವ ವಿಷಯದಲ್ಲಿ ಎರಡು ದೊಡ್ಡ ಗಣರಾಜ್ಯಗಳು ಎದುರಿಸಿದ ತೊಡಕು ಇದೇ ಆದುದರಿಂದ, ಹಳೆಯ ಕಲ್ಲಿನ ಬರಹದಿಂದಲೇ ವಿಚಾರವನ್ನು ಮೊದಲುಮಾಡುವುದು ಅಸಂಗತವಾಗಲಾರದು.

ಶಾಸನವು ಹೇಳುವುದು ಸಂಕ್ಷೇಪವಾಗಿ ಇಷ್ಟು. ರಾಮಯ್ಯನಿಗೂ ಅಬ್ಬಲೂರಿನ ಜೈನರಿಗೂ ವಾದವುಂಟಾಯಿತು. ರಾಮಯ್ಯನು ತನ್ನ ತಲೆಯನ್ನರಿದು ಮತ್ತೆ ಪಡೆದರೆ ಜಿನಬಿಂಬವನ್ನು ತೆಗೆದು ಶಿವನನ್ನು ನಿಲ್ಲಿಸುವೆವೆಂದು ಎದುರುಪಕ್ಷದವರು ಓಲೆಯಲ್ಲಿ ಬರೆದುಕೊಟ್ಟರು. ಏಳು ದಿನಗಳಲ್ಲಿ ಅವನು ತಲೆಯನ್ನು ಮರಳಿ ಪಡೆದನು. ಅವರು ಮಾತಿಗೆ ತಪ್ಪಿದರು. ಅವನು ತಾನಾಗಿಯೇ ಬಿಂಬವನ್ನು ಕೆಡವಿದನು. ದೂರು ಬಿಜ್ಜಳರಾಯನ ಮುಂದೆ ಹೋಯಿತು. ರಾಮಯ್ಯನು ಓಲೆಯನ್ನು ತೋರಿಸಿ, ಬೇಕಾದರೆ ಹೆಚ್ಚಿನ ಪಣದ ಮೇಲೆ ಮತ್ತೊಮ್ಮೆ ಹಾಗೆಯೇ ಮಾಡುವೆನೆಂದನು. ಪ್ರತಿವಾದಿಗಳು ಒಪ್ಪಲಿಲ್ಲ. ಅರಸನು ಅವನಿಗೆ ಜಯಪತ್ರವನ್ನು ಕೊಟ್ಟನು.

ಇದು ಗೆದ್ದವರು ಕೊರೆಯಿಸಿದ ಕಲ್ಲೆಂಬುದನ್ನು ವಿಮರ್ಶಕನು ಮರೆಯತಕ್ಕುದಲ್ಲ. ಪವಾಡದ ಮಾತು ಭಕ್ತಿಯ ಕ್ಷೇತ್ರಕ್ಕೆ ಸೇರಿದುದು. ಅದನ್ನು ಇಲ್ಲಿ ಪರೀಕ್ಷಿಸಬೇಕಾಗಿಲ್ಲ. ಜೈನರ ಬಾಯಿಂದ ಈ ಕಥೆಯನ್ನು ಕೇಳಿದ್ದರೆ ಅದರ ಆಕಾರವೇ ಬೇರೆಯಾಗುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೂ ಗೆದ್ದವರ ಬರಹವೇ ಎರಡು ಸಂಗತಿಗಳನ್ನು ಬಚ್ಚಿಡದೆ ಹೇಳಿದೆ. ಸೋತವರು ಫಲವನ್ನು ನೋಡಿದಮೇಲೆ ನಿಯಮದಿಂದ ಜಾರಿದರು. ಗೆದ್ದವನು ತೀರ್ಪಿಗಾಗಿ ಕಾಯದೆ ಫಲವನ್ನು ಕೈಗೆತ್ತಿಕೊಂಡನು. ಹೀಗೆ ಓಲೆಗೆ ಎರಡು ಕಡೆಯಿಂದಲೂ ಊನ ಬಂದಿತು. ಅದಕ್ಕೆ ಬೆಲೆಯು ಮರಳಿ ಬಂದುದು ವಾದಿಗಳಿಬ್ಬರಲ್ಲಿ ಒಬ್ಬನಲ್ಲದ ಮೂರನೆಯವನೊಬ್ಬನು ಅದನ್ನು ಓದಿದಾಗ. ಈ ಮೂರನೆಯವನು ಇಲ್ಲದೆಹೋದರೆ ಏನಾಗುವುದು? ಓಲೆಯನ್ನು ಓದಿ ಅರ್ಥಹೇಳುವ ಅಧಿಕಾರವು ವಾದಿಗಳಲ್ಲೊಬ್ಬನ ಕೈಯಲ್ಲಿಯೇ ಇದ್ದರೆ ಏನಾಗುವುದು? ನಮ್ಮ ಪ್ರಕೃತ ವಿಷಯವು ಇಲ್ಲಿಂದ ಆರಂಭವಾಗುತ್ತದೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಧ್ಯಕ್ಷನು ಸೂಚಿಸಿದ ನ್ಯಾಯಾಧೀಶರಿಗೆ ಸೆನೆಟ್ ಎಂಬ ಹಿರಿಯ ಸಭೆಯ ಸಮ್ಮತಿ ಬೇಕು. ಆ ಸಭೆಯಲ್ಲಿ ಸದಸ್ಯನ ಮಾತಿಗೆ ಮಿತಿಯಿಲ್ಲದ ಸಂಪ್ರದಾಯವು ಬಹುಕಾಲ ನಡೆದುಬಂದಿತು. ಮತಕ್ಕೆ ಹಾಕಲು ಬಿಡದೆ ಚರ್ಚೆಯನ್ನೇ ಬೆಳೆಸಿ ಕಾರ್ಯವನ್ನು ತಡೆಯುವ ಈ ಉಪಾಯಕ್ಕೆ ಅಲ್ಲಿಯವರು ಫಿಲಿಬಸ್ಟರ್ ಎನ್ನುತ್ತಾರೆ. 1917ರಲ್ಲಿ ಮೂರರಲ್ಲಿ ಎರಡು ಪಾಲು ಸದಸ್ಯರು ಒಪ್ಪಿದರೆ ಚರ್ಚೆಯನ್ನು ಮುಗಿಸಬಹುದೆಂಬ ನಿಯಮವಾಯಿತು. 1975ರಲ್ಲಿ ಅದು ಐದರಲ್ಲಿ ಮೂರು ಪಾಲಿಗೆ, ಎಂದರೆ ನೂರು ಜನರ ಸಭೆಯಲ್ಲಿ 60ಕ್ಕೆ, ಇಳಿಯಿತು. ಹೀಗಾಗಿ ನ್ಯಾಯಾಧೀಶನನ್ನು ಒಪ್ಪಲು 51 ಮತಗಳು ಸಾಕಾದರೂ ಆ ಮತದಾನದವರೆಗೆ ಹೋಗಲು 60 ಮತಗಳು ಬೇಕಾದುವು. 1968ರಲ್ಲಿ ಏಬ್ ಫೋರ್ಟಾಸರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡುವ ಸೂಚನೆಯು ಈ ಬಾಗಿಲಲ್ಲಿಯೇ ನಿಂತುಹೋಯಿತು.

2013ರ ನವೆಂಬರ್ 21ರಂದು ಅಧಿಕಸಂಖ್ಯಾತರಾಗಿದ್ದ ಡೆಮೊಕ್ರಾಟರು, ಸರ್ವೋಚ್ಚ ನ್ಯಾಯಾಲಯವೊಂದನ್ನುಳಿದು ಮಿಕ್ಕ ನ್ಯಾಯಾಲಯಗಳ ನಿಯುಕ್ತಿಗಳಿಗೆ ಬರಿಯ ಬಹುಮತವೇ ಸಾಕೆಂದು 52ಕ್ಕೆ 48ರಂತೆ ನಿಶ್ಚಯಿಸಿದರು. 2017ರ ಏಪ್ರಿಲ್ 6ರಂದು, ಆಗ ಅಧಿಕಸಂಖ್ಯಾತರಾಗಿದ್ದ ರಿಪಬ್ಲಿಕನರು ಅದೇ 52ಕ್ಕೆ 48ರಂತೆ ಆ ಒಂದು ವಿನಾಯಿತಿಯನ್ನೂ ತೆಗೆದುಹಾಕಿದರು. ಮರುದಿನವೇ ನೀಲ್ ಗೊರ್ಸಚ್ ಅವರು 54ಕ್ಕೆ 45 ಮತಗಳಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಸ್ವೀಕೃತರಾದರು. ಎರಡನೆಯವರು ಮೊದಲನೆಯವರ ಕೃತ್ಯವನ್ನೇ ತಮ್ಮ ಸಮರ್ಥನೆಯಾಗಿ ಮುಂದಿಟ್ಟರು. ಮೊದಲನೆಯವರು ಅದಕ್ಕೂ ಹಿಂದಿನ ತಡೆಗಳನ್ನು ಮುಂದಿಟ್ಟಿದ್ದರು. ಅಬ್ಬಲೂರಿನ ಇಬ್ಬರು ವಾದಿಗಳ ನೆನಪು ಇಲ್ಲಿ ತಾನಾಗಿ ಬರುತ್ತದೆ.

ಈ ಬದಲಾವಣೆಯು ನಡೆದ ಬಗೆಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ನಿಯಮದ ಅಕ್ಷರಗಳಲ್ಲಿ ಒಂದನ್ನೂ ತಿದ್ದಲಿಲ್ಲ. ತಿದ್ದುಪಡಿಯ ಮೇಲಿನ ಚರ್ಚೆಯನ್ನು ಮುಗಿಸುವುದಕ್ಕೆ ಮೂರರಲ್ಲಿ ಎರಡು ಪಾಲು ಮತಗಳು ಬೇಕಾಗಿದ್ದುವು. ಅಷ್ಟು ಮತಗಳು ಯಾರಲ್ಲಿಯೂ ಇರಲಿಲ್ಲ. ಆದುದರಿಂದ ಬಹುಮತದ ನಾಯಕನು ಎದ್ದು, ಇಂಥ ವಿಷಯದಲ್ಲಿ ಬರಿಯ ಬಹುಮತವೇ ಸಾಕೆಂದು ನಿಯಮಪ್ರಶ್ನೆಯನ್ನು ಎತ್ತಿದನು. ಅಧ್ಯಕ್ಷಪೀಠವು ನಿಯಮದ ಮಾತನ್ನನುಸರಿಸಿ ಅದನ್ನು ತಳ್ಳಿತು. ಸಭೆಯು ಬರಿಯ ಬಹುಮತದಿಂದ ಪೀಠದ ನಿರ್ಣಯವನ್ನೇ ತಳ್ಳಿಹಾಕಿತು. ಮೂಲದಲ್ಲಿ ಐದರಲ್ಲಿ ಮೂರು ಪಾಲೆಂದೇ ಬರೆದಿರಲು, ಟೀಕೆಯು ಅದಕ್ಕೆ ಅರ್ಧಕ್ಕಿಂತ ಹೆಚ್ಚೆಂದು ಅರ್ಥಮಾಡಿತು. ಸೂತ್ರಕ್ಕಿಂತ ಭಾಷ್ಯವು ಬಲವಾಗುವುದನ್ನು ಶಾಸ್ತ್ರಗ್ರಂಥಗಳಲ್ಲಿ ಕಂಡಿರುವ ನಮಗೆ ಇದು ಹೊಸದಲ್ಲ. ಆದರೆ ಶಾಸ್ತ್ರದ ಟೀಕಾಕಾರನಿಗೆ ಆ ದಿನದ ಮೊಕದ್ದಮೆಯಲ್ಲಿ ಪಾಲಿರಲಿಲ್ಲ. ಇಲ್ಲಿಯ ಟೀಕಾಕಾರರಿಗೆ ಪಾಲಿತ್ತು.

ಇದನ್ನು ಪರದೇಶದ ದೋಷವೆಂದು ಎಣಿಸಿ ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ನಮ್ಮ ಸಂವಿಧಾನವು ರೂಪುಗೊಳ್ಳುತ್ತಿದ್ದಾಗ, 1949ರ ಮೇ 24ರಂದು, ನ್ಯಾಯಾಧೀಶರ ನಿಯುಕ್ತಿಯ ವಿಧಾನವು ಚರ್ಚೆಗೆ ಬಂದಿತು. ರಾಜ್ಯಸಭೆಯ ಅಭಿಪ್ರಾಯವನ್ನೂ ಕೇಳಬೇಕೆಂಬ ಸೂಚನೆಯೊಂದು, ಮುಖ್ಯ ನ್ಯಾಯಮೂರ್ತಿಯ ಸಮ್ಮತಿಯೇ ಬೇಕೆಂಬ ಸೂಚನೆ ಇನ್ನೊಂದು. ಡಾಕ್ಟರ್ ಅಂಬೇಡ್ಕರರು ಎರಡನ್ನೂ ಒಪ್ಪಲಿಲ್ಲ. ಶಾಸನಸಭೆಯ ಕೈಗೆ ಕೊಟ್ಟರೆ ಕಾರ್ಯವು ತೊಡಕಾಗಿ ರಾಜಕೀಯದ ಒತ್ತಡವು ಹೊಗುವುದೆಂದೂ, ಮುಖ್ಯ ನ್ಯಾಯಮೂರ್ತಿಯು ಎಷ್ಟು ದೊಡ್ಡವನಾದರೂ ಮನುಷ್ಯಸಹಜವಾದ ದೌರ್ಬಲ್ಯಗಳುಳ್ಳವನಾದುದರಿಂದ ನಿಷೇಧಾಧಿಕಾರವನ್ನು ಅವನೊಬ್ಬನಿಗೆ ಕೊಡುವುದು ಅಪಾಯಕರವೆಂದೂ ಅವರ ಅಭಿಪ್ರಾಯವಾಗಿತ್ತು. ಆದುದರಿಂದ ರಾಷ್ಟ್ರಪತಿಯು ನ್ಯಾಯಮೂರ್ತಿಗಳೊಡನೆ ಸಮಾಲೋಚಿಸಿ ನಿಯಮಿಸತಕ್ಕುದೆಂಬ ಮಧ್ಯಮಮಾರ್ಗವು 124ನೆಯ ಅನುಚ್ಛೇದದಲ್ಲಿ ನಿಂತಿತು.

ಆ ಮಧ್ಯಮಮಾರ್ಗವು ಎಷ್ಟು ದುರ್ಬಲವೆಂಬುದು 1973ರಲ್ಲಿ ಗೊತ್ತಾಯಿತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಗಳ ಹೆಸರಿನಿಂದ ಪ್ರಸಿದ್ಧವಾದ ಮೊಕದ್ದಮೆಯ ತೀರ್ಪು ಏಪ್ರಿಲ್ 24ರಂದು ಹೊರಬಿದ್ದಿತು. ಮರುದಿನವೇ ಶೆಲತ್, ಹೆಗ್ಡೆ, ಗ್ರೋವರ್ ಎಂಬ ಮೂವರು ಹಿರಿಯರನ್ನು ದಾಟಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಸರಕಾರವು ಆರಿಸಿತು. ಮೂವರೂ ರಾಜೀನಾಮೆ ಕೊಟ್ಟರು. ಅವರಲ್ಲಿ ಕೆ. ಎಸ್. ಹೆಗ್ಡೆಯವರು ಕನ್ನಡನಾಡಿನವರು, ಹಿಂದೆ ರಾಜ್ಯಸಭೆಯ ಸದಸ್ಯರಾಗಿದ್ದು, ಮುಂದೆ ಲೋಕಸಭೆಯ ಅಧ್ಯಕ್ಷರಾದವರು. ಸಂವಿಧಾನದ ಯಾವ ಅಕ್ಷರವೂ ಹಿರಿತನವನ್ನು ವಿಧಿಸಿರಲಿಲ್ಲ. ಮುರಿದುದು ಬರಿಯ ರೂಢಿ. ಆದರೆ ರೂಢಿಯು ಮುರಿದ ಮೇಲೆ ನ್ಯಾಯಾಲಯವು ತನ್ನ ರಕ್ಷಣೆಯನ್ನು ತಾನೇ ಹುಡುಕಿಕೊಂಡಿತು. 1993ರ ಅಕ್ಟೋಬರ್ 6ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಬಹುಮತದಿಂದ, ಸಮಾಲೋಚನೆಯೆಂಬ ಮಾತಿಗೆ ವಸ್ತುತಃ ಸಮ್ಮತಿಯೆಂದೇ ಅರ್ಥವನ್ನಿಟ್ಟು, ಅಂತಿಮ ಮಾತನ್ನು ಹಿರಿಯ ನ್ಯಾಯಮೂರ್ತಿಗಳ ಕೂಟಕ್ಕೆ ವಹಿಸಿತು. 1998ರಲ್ಲಿ ಆ ಕೂಟವು ಐವರದಾಯಿತು. 1949ರಲ್ಲಿ ಸಭೆಯ ಮುಂದೆ ಬಂದು ತಳ್ಳಲ್ಪಟ್ಟ ಪಾಠವೇ 44 ವರ್ಷಗಳಾದ ಮೇಲೆ ಟೀಕೆಯ ಮೂಲಕ ಒಳಗೆ ಬಂದಿತು. ಕಾರಣವು ಗೌರವಾರ್ಹವಾದುದೇ; ರೀತಿಯು ಮಾತ್ರ ಸೆನೆಟಿನ ರೀತಿಗೆ ಸಮೀಪವಾದುದು.

ಮೂಲವನ್ನೇ ತಿದ್ದುವ ಯತ್ನವು ನಡೆಯಲಿಲ್ಲವೆಂದಲ್ಲ. 1993ರಲ್ಲಿ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಎಂ. ಎನ್. ವೆಂಕಟಾಚಲಯ್ಯನವರೇ ಮುಂದೆ ಸಂವಿಧಾನ ಪುನರ್ವಿಮರ್ಶೆಯ ಆಯೋಗಕ್ಕೆ ಅಧ್ಯಕ್ಷರಾಗಿ, ನಿಯುಕ್ತಿಗೆಂದೇ ರಾಷ್ಟ್ರೀಯ ಆಯೋಗವೊಂದು ಬೇಕೆಂದು 2002ರಲ್ಲಿ ಸೂಚಿಸಿದರು. 2014ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟು 99ನೆಯ ತಿದ್ದುಪಡಿಯನ್ನು ಅಂಗೀಕರಿಸಿ ಆರು ಜನರ ಆಯೋಗವನ್ನು ನಿರ್ಮಿಸಿತು. ಜೊತೆಯ ಕಾಯಿದೆಯಲ್ಲಿ, ಆರರಲ್ಲಿ ಯಾರಾದರೂ ಇಬ್ಬರು ಒಪ್ಪದಿದ್ದರೆ ಹೆಸರು ಮುಂದೆ ಹೋಗಕೂಡದೆಂಬ ವಿಧಿಯಿತ್ತು. ಸಂಖ್ಯೆಯಲ್ಲಿ ಕಡಮೆಯಾದವರಿಗೆ ತಡೆಯುವ ಅಧಿಕಾರವನ್ನು ಕೊಡುವ ಈ ವಿಧಿಯು ನಮ್ಮ ದೇಶದಲ್ಲಿ ಸೆನೆಟಿನ ನಿಯಮಕ್ಕೆ ಅತ್ಯಂತ ಸಮೀಪವಾಗಿ ಬಂದುದು. ನ್ಯಾಯಮೂರ್ತಿಗಳಲ್ಲದ ಇಬ್ಬರು ಸೇರಿ ಮೂವರು ನ್ಯಾಯಮೂರ್ತಿಗಳ ಏಕಾಭಿಪ್ರಾಯವನ್ನೂ ನಿಲ್ಲಿಸಬಹುದಾಗಿತ್ತು. 2015ರ ಅಕ್ಟೋಬರ್ 16ರಂದು ಸರ್ವೋಚ್ಚ ನ್ಯಾಯಾಲಯವು ನಾಲ್ವರ ಬಹುಮತದಿಂದ ತಿದ್ದುಪಡಿಯನ್ನು ರದ್ದುಮಾಡಿತು. ನ್ಯಾಯಮೂರ್ತಿ ಚೆಲಮೇಶ್ವರರು ಭಿನ್ನಾಭಿಪ್ರಾಯವನ್ನಿತ್ತರು. ತಿದ್ದುಪಡಿಯು ನಿರ್ದೋಷವೆಂದು ನಾವು ಹೇಳುವುದಿಲ್ಲ. ಆದರೆ ತಮ್ಮ ಕೂಟದ ಅಧಿಕಾರವು ಉಳಿಯಬೇಕೆ ಬೇಡವೆ ಎಂಬುದನ್ನು ಅದೇ ಮನೆಯವರು ತೀರ್ಮಾನಿಸಬೇಕಾಗಿ ಬಂದಿತೆಂಬ ಸಂಕೋಚವು ಆ ತೀರ್ಪನ್ನು ಓದುವವರಿಗೆ ತಪ್ಪುವುದಿಲ್ಲ.

ಇಂಥ ಸಂಕೋಚವನ್ನು ಅಳೆಯುವುದಕ್ಕೆ ನಮ್ಮಲ್ಲಿಯೇ ಒಂದು ಹಳೆಯ ಅಳತೆಗೋಲುಂಟು. ಅಬ್ಬಲೂರ ಶಾಸನಕ್ಕೆ ಸುಮಾರು ಒಂದು ಶತಮಾನ ಮುಂಚೆ, ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಟೀಕೆಯನ್ನು ಬರೆದನು. ಅರಸನು ಸಭಾಸದರನ್ನು ಆರಿಸುವಾಗ ನೋಡಬೇಕಾದ ಗುಣಗಳಲ್ಲಿ ವಿದ್ಯೆ, ಧರ್ಮಜ್ಞಾನ, ಸತ್ಯಗಳೊಡನೆ ಶತ್ರುಮಿತ್ರರಲ್ಲಿ ಸಮಭಾವವನ್ನೂ ಮೂಲವು ಹೇಳಿದೆ. ಟೀಕೆಯು ಮುಂದುವರಿದು ಸಭೆಯಲ್ಲಿರುವವರನ್ನು ನಿಯುಕ್ತರೆಂದೂ ಅನಿಯುಕ್ತರೆಂದೂ ವಿಂಗಡಿಸುತ್ತದೆ. ಅರಸನು ತಪ್ಪುದಾರಿಯಲ್ಲಿ ನಡೆದರೆ ತಡೆಯುವುದು ನಿಯುಕ್ತರ ಹೊಣೆ. ತಡೆಯದಿದ್ದರೆ ದೋಷವು ಅವರಿಗೂ ತಟ್ಟುವುದು. ಅನಿಯುಕ್ತರಿಗೆ ಆ ಹೊಣೆಯಿಲ್ಲ. ಆದರೆ ಅನ್ಯಥಾ ನುಡಿದರೂ, ನುಡಿಯದೆ ಸುಮ್ಮನಿದ್ದರೂ ಅವರು ದೋಷಿಗಳೇ. ತಡೆಯುವ ಕಾರ್ಯವನ್ನು ಹಕ್ಕೆಂದು ಎಣಿಸದೆ ಹೊಣೆಯೆಂದು ಎಣಿಸಿದುದೂ, ಮೌನವನ್ನು ಸುಳ್ಳಿನ ಸಾಲಿನಲ್ಲಿಯೇ ಕೂಡಿಸಿದುದೂ ಈ ವಿವೇಚನೆಯ ಸಾರ.

ಈ ಅಳತೆಯಿಂದ ನೋಡಿದರೆ ಸೆನೆಟಿನ ದೀರ್ಘಭಾಷಣವು ಎಲ್ಲಕ್ಕಿಂತ ಕೆಟ್ಟ ತಡೆಯಲ್ಲ. ಮಾತಾಡಿ ತಡೆಯುವವನ ಮುಖವು ಕಾಣುತ್ತದೆ. ಅವನ ಕಾರಣವು, ಎಷ್ಟು ಟೊಳ್ಳಾದರೂ, ಕಿವಿಗೆ ಬೀಳುತ್ತದೆ. ಅಲ್ಲಿಯೇ 2016ರಲ್ಲಿ ಮೆರಿಕ್ ಗಾರ್ಲೆಂಡರ ಹೆಸರು ಬಂದಾಗ ಬಹುಮತದವರು ಭಾಷಣವನ್ನೂ ಮಾಡಿ ಮುಗಿಸಲಿಲ್ಲ, ಮತಕ್ಕೂ ಹಾಕಲಿಲ್ಲ. ವಿಚಾರಣೆಯನ್ನೇ ನಡೆಸದೆ ವರುಷವನ್ನು ಕಳೆದರು. ನಮ್ಮ ದೇಶದಲ್ಲಿ ತಡೆಯ ರೂಪವು ಪ್ರಾಯಶಃ ಇದೊಂದೇ. ನ್ಯಾಯಮೂರ್ತಿಗಳ ಕೂಟವು ಕಳುಹಿಸಿದ ಹೆಸರನ್ನು ಸರಕಾರವು ಹಿಂದಕ್ಕೆ ಕಳುಹಿಸಬಹುದು. ಕೂಟವು ಮತ್ತೆ ಅದನ್ನೇ ಕಳುಹಿಸಿದರೆ ನಿಯಮಿಸಬೇಕು. ಹೀಗಿರಲು ಬೇಡವೆನ್ನುವ ಅಧಿಕಾರವಿಲ್ಲದವರು ಏನನ್ನೂ ಹೇಳದಿರುವ ಅಧಿಕಾರವನ್ನು ಬಳಸಿದರು. ಕರ್ನಾಟಕ ಉಚ್ಚ ನ್ಯಾಯಾಲಯಕ್ಕೆ 2021ರಲ್ಲಿ ಎರಡು ಸಲ ಸೂಚಿತರಾದ ಹಿರಿಯ ವಕೀಲರೊಬ್ಬರು ಕಾದು ಬೇಸತ್ತು 2022ರಲ್ಲಿ ತಮ್ಮ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಂಡರು. 2021ರ ಏಪ್ರಿಲ್ 20ರಂದು ಸರ್ವೋಚ್ಚ ನ್ಯಾಯಾಲಯವು, ಕೂಟವು ಏಕಾಭಿಪ್ರಾಯದಿಂದ ಮರಳಿ ಕಳುಹಿಸಿದ ಹೆಸರನ್ನು ಮೂರು ನಾಲ್ಕು ವಾರಗಳೊಳಗೆ ನಿಯಮಿಸಬೇಕೆಂದು ಅವಧಿಯನ್ನು ಗೊತ್ತುಮಾಡಿತ್ತು. ಆ ಅವಧಿಯು ನಡೆಯುತ್ತಿಲ್ಲವೆಂದು ಬೆಂಗಳೂರಿನ ವಕೀಲರ ಸಂಘವೇ ಮತ್ತೆ ಅದೇ ನ್ಯಾಯಾಲಯದ ಬಾಗಿಲಿಗೆ ಹೋಗಬೇಕಾಯಿತು.

ಮೌನದ ಬೆಲೆಯನ್ನು ತೆರುವವರು ದಿಲ್ಲಿಯವರಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯಕ್ಕೆ ಮಂಜೂರಾದ ಸ್ಥಾನಗಳು 62. ಬ್ಯಾಡಗಿಯ ಹೊಲದ ಗಡಿಯ ವ್ಯಾಜ್ಯವಾಗಲಿ, ರಾಣೆಬೆನ್ನೂರಿನ ದಾಯಭಾಗದ ವ್ಯಾಜ್ಯವಾಗಲಿ ಮೇಲ್ಮನವಿಗೆ ಹೋಗುವುದು ಧಾರವಾಡಕ್ಕೆ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಸ್ಥಾಯಿಯಾದ ಅಲ್ಲಿಯ ಪೀಠಕ್ಕೂ ನ್ಯಾಯಮೂರ್ತಿಗಳು ಈ 62ರಿಂದಲೇ ಬರಬೇಕು. ಒಂದೊಂದು ಸ್ಥಾನವು ಬರಿದಾದಂತೆ ಮನವಿಯ ದಿನಾಂಕವು ಮುಂದೆ ಸರಿಯುತ್ತದೆ. ಮಿತಾಕ್ಷರೆಯನ್ನೇ ಆಧಾರವಾಗಿಟ್ಟು ಪಾಲು ಕೇಳುವ ವಾದಿಗೆ, ಆ ಗ್ರಂಥವು ದೋಷವೆಂದ ಮೌನವೇ ಅಡ್ಡವಾಗಿ ನಿಲ್ಲುವುದು ವಿಷಾದದ ಸಂಗತಿ.

ಟೀಕೆಯಿಲ್ಲದೆ ಮೂಲವು ಬದುಕಲಾರದೆಂದು ಇಲ್ಲಿ ಆಕ್ಷೇಪವೆತ್ತಬಹುದು. ಅದು ನಿಜ. ಕೆಲವರ ತಡೆಯು ಎಂದೆಂದಿಗೂ ಅಲುಗದಿರಬೇಕೆಂಬುದೂ ನಮ್ಮ ಮತವಲ್ಲ. 60ರ ನಿಯಮವೂ ದುರುಪಯೋಗವಾಗಿರುವುದುಂಟು. ನಾವು ಆಕ್ಷೇಪಿಸುವುದು ನಿಯಮದ ಬದಲಾವಣೆಯನ್ನಲ್ಲ. ಹೆಸರು ಮೇಜಿನ ಮೇಲೆ ಬಂದಮೇಲೆ, ಆ ಹೆಸರಿನಿಂದ ಲಾಭಪಡೆಯುವವರೇ ಅದನ್ನು ಬದಲಾಯಿಸುವುದನ್ನು. ಆದುದರಿಂದ ಮೂರು ಮಾತುಗಳು ಸಾಕು. ನಿಯುಕ್ತಿಯ ನಿಯಮವು ಮೂಲದಲ್ಲಿಯೇ ಸ್ಪಷ್ಟವಾಗಿ ಬರೆದಿರಲಿ. ಅದನ್ನು ತಿದ್ದಿದವರು ಯಾರೇ ಆಗಲಿ, ತಿದ್ದುಪಡಿಯು ಮುಂದಿನ ಚುನಾವಣೆಯಾದ ಮೇಲೆ ಜಾರಿಗೆ ಬರಲಿ. ಆಗ ಅದರ ಲಾಭವು ತಮ್ಮದೋ ಎದುರಾಳಿಯದೋ ಎಂಬುದು ತಿದ್ದುವವರಿಗೆ ತಿಳಿದಿರುವುದಿಲ್ಲ. ತಡೆಯುವವನು ಗೊತ್ತಾದ ಅವಧಿಯೊಳಗೆ ಕಾರಣವನ್ನು ಬರೆದು ತನ್ನ ಹೆಸರನ್ನು ಹಾಕಲಿ. ಅವಧಿಯು ಕಳೆದರೆ ಮೌನವನ್ನು ಸಮ್ಮತಿಯೆಂದೇ ಎಣಿಸಲಿ.

ಅಬ್ಬಲೂರಿನ ಓಲೆಯಿಂದ ನಾವು ಕಲಿಯಬಹುದಾದುದು ಇಷ್ಟೇ. ತಲೆಯನ್ನರಿಯುವ ಮುಂಚೆ ಅದನ್ನು ಬರೆದಿದ್ದರು. ಆದುದರಿಂದಲೇ ಅರಸನಿಗೆ ಓದುವುದಕ್ಕೆ ಏನಾದರೂ ಇತ್ತು.