ಕರೆಂಟ್ ಕಾರಿನ ಒಡೆಯ ಯಾರು?

ಚೀನಾದ ಕರೆಂಟ್ ಕಾರು ಬಂದರೆ ದೇಶ ಮುಳುಗುತ್ತದೆ, ನಮ್ಮವರ ಕಾರು ಓಡಿದರೆ ದೇಶ ಉಳಿಯುತ್ತದೆ ಎಂಬ ಮಾತು ಈಗ ಎಲ್ಲೆಲ್ಲೂ ಕೇಳಿಬರುತ್ತಿದೆ. 2020ರಲ್ಲಿ ಕೇಂದ್ರ ಸರ್ಕಾರ ಗಡಿ ದೇಶಗಳ ಬಂಡವಾಳಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕೆಂದು ಕಡ್ಡಾಯ ಮಾಡಿತು. ಹೈದರಾಬಾದಿನ ಮೇಘಾ ಕಂಪನಿಯ ಜೊತೆ ಸೇರಿ ಕಾರ್ಖಾನೆ ಹಾಕಲು ಚೀನಾದ ಬಿವೈಡಿ ಮುಂದಿಟ್ಟಿದ್ದ 100 ಕೋಟಿ ಡಾಲರಿನ ಯೋಜನೆಗೆ 2023ರಲ್ಲಿ ಒಪ್ಪಿಗೆ ಸಿಗಲಿಲ್ಲ. 2025ರ ಏಪ್ರಿಲಿನಲ್ಲಿ ಚೀನಾ ತನ್ನ ಕಡೆಯಿಂದ, ಕಾರಿನ ಮೋಟಾರಿಗೆ ಬೇಕಾದ ವಿಶೇಷ ಅಯಸ್ಕಾಂತಗಳ ರಫ್ತಿಗೆ ಲೈಸೆನ್ಸಿನ ಕಟ್ಟು ಹಾಕಿತು. ಜಗಳ ನಿಜವೇ. ಆದರೆ ಈ ಜಗಳದಲ್ಲಿ ‘ನಮ್ಮದು’ ಅಂತಾರಲ್ಲ, ಆ ‘ನಾವು’ ಯಾರು?

ಉತ್ತರಕ್ಕೆ ದೂರ ಹೋಗಬೇಕಿಲ್ಲ. ಜಯನಗರದ ಪಕ್ಕದ ಆರ್.ವಿ. ರಸ್ತೆಯಲ್ಲಿ, 2025ರಲ್ಲಿ ಶುರುವಾದ ಹಳದಿ ಮೆಟ್ರೋ ಹತ್ತಿದರೆ ಕೊನೆಗೆ ಸಿಗುವುದು ಬೊಮ್ಮಸಂದ್ರ. ರೇವಾ ಕಾರು ತಯಾರಾದದ್ದು ಅಲ್ಲಿ. 1994ರಲ್ಲಿ ಬೆಂಗಳೂರಿನ ಮೈನಿ ಸಮೂಹ ಅಮೆರಿಕದ ಅಮೆರಿಗಾನ್ ಕಂಪನಿಯ ಜೊತೆಗೂಡಿ ಈ ಕಂಪನಿ ಕಟ್ಟಿತು. 2001ರಲ್ಲಿ ಕಾರು ಮಾರಾಟಕ್ಕೆ ಬಂತು. ಟೆಸ್ಲಾದ ಮೊದಲ ಕಾರು ಬಂದದ್ದು 2008ರಲ್ಲಿ. ಅದಕ್ಕೂ ಮುಂಚೆಯೇ ನಮ್ಮ ರೇವಾ ‘ಜಿ-ವಿಜ್’ ಅನ್ನೋ ಹೆಸರಲ್ಲಿ ಲಂಡನ್ನಿನ ಬೀದಿಗಳಲ್ಲಿ ಓಡುತ್ತಿತ್ತು. ಅದನ್ನು ಮಾಡಿದವರ ಬುದ್ಧಿ, ಬೆವರನ್ನು ನಾನು ಹಳಿಯುತ್ತಿಲ್ಲ.

ಆದರೆ ಒಡೆತನದ ದಾರಿ ನೋಡಿ. 2006ರಲ್ಲಿ ಅಮೆರಿಕದ ಹೂಡಿಕೆದಾರರು ಬಂದರು. 2010ರಲ್ಲಿ ಮುಂಬೈಯ ಮಹೀಂದ್ರ ಕಂಪನಿ 55.2 ಶೇಕಡಾ ಪಾಲು ಕೊಂಡಿತು. ರೇವಾದ ಜೊತೆ ಕಾರು ಮಾಡಬೇಕೆಂದಿದ್ದ ಅಮೆರಿಕದ ಜನರಲ್ ಮೋಟಾರ್ಸ್ ಹಿಂದೆ ಸರಿಯಿತು. ಮುಂದೆ ರೇವಾ ಅನ್ನೋ ಹೆಸರೂ ಹೋಯಿತು, ಕಂಪನಿ ಮಹೀಂದ್ರದಲ್ಲೇ ಕರಗಿತು. ಕೊಂಡವರು ಭಾರತೀಯರೇ, ಸರಿ. ಆದರೆ ಷೇರು ಕೈ ಬದಲಾಗುವಾಗ ಕಾರು ಜೋಡಿಸಿದ ಕಾರ್ಮಿಕನ ಒಪ್ಪಿಗೆ ಕೇಳಬೇಕೆಂಬ ಕಾನೂನು ಈ ದೇಶದಲ್ಲಿಲ್ಲ. ಮಾರುವವನು ಯಾವ ದೇಶದವನಾದರೂ, ಕೊಳ್ಳುವವನು ಯಾವ ದೇಶದವನಾದರೂ ಅವನು ಕೂಲಿಯವನೇ.

‘ಉಳುವವನೇ ಹೊಲದೊಡೆಯ’ ಎಂದು ಈ ನಾಡು ಕೂಗಿತು. 1974ರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು. ಗೇಣಿಯ ಚೀಟಿಯೂ ಇಲ್ಲದೆ ಬರೀ ಕೂಲಿಗೆ ದುಡಿದ ಹೊಲೆಮಾದಿಗರ ಕೇರಿಗೆ ಅದರಲ್ಲಿ ಸಿಕ್ಕಿದ್ದು ಬಹಳ ಕಡಿಮೆ. ಆದರೂ ದುಡಿಮೆಗೂ ಒಡೆತನಕ್ಕೂ ಸಂಬಂಧ ಇರಬೇಕು ಅನ್ನೋದನ್ನ ಹೊಲದ ವಿಷಯದಲ್ಲಾದರೂ ಒಪ್ಪಿದರು. ಕಾರ್ಖಾನೆಯ ಬಾಗಿಲಿಗೆ ಬಂದಾಗ ಮಾತ್ರ ಎಲ್ಲರ ನಾಲಿಗೆ ಬಿದ್ದುಹೋಗುತ್ತದೆ.

ಇನ್ನು ಈ ಕಾರು ಯಾರ ಮನೆಗೆ? ಜೆ.ಪಿ. ನಗರದಲ್ಲಿ ಸ್ವಂತ ಕಾಂಪೌಂಡು, ಸ್ವಂತ ಮೀಟರು ಇದ್ದವನು ರಾತ್ರಿ ವೈರು ಚುಚ್ಚಿ ನಿದ್ದೆ ಮಾಡುತ್ತಾನೆ. ಬಿ.ಟಿ.ಎಂ. ಲೇಔಟಿನ ವಠಾರದ ಮೂರನೇ ಮಹಡಿಯ ಬಾಡಿಗೆಯವನು ಎಲ್ಲಿಗೆ ಚುಚ್ಚಬೇಕು? ಕರೆಂಟ್ ಕಾರಿಗೂ ಮೊದಲು ಸೈಟು ಬೇಕು. ಸೈಟು ಯಾವ ಜಾತಿಗಳ ಕೈಯಲ್ಲಿ ಸೇರಿತು ಅಂತ ನಿಮಗೆ ನಾನು ಹೇಳಬೇಕಿಲ್ಲ. ಕರ್ನಾಟಕ 2017ರಲ್ಲಿ ವಿದ್ಯುತ್ ವಾಹನ ನೀತಿ ತಂದಿತು. 25 ಲಕ್ಷ ಮೀರಿದ ಕಾರಿಗೂ 2024ರವರೆಗೆ ರಸ್ತೆ ತೆರಿಗೆ ಮಾಫಿ ಇತ್ತು. ಬೀಡಿ, ಬೆಂಕಿಪೊಟ್ಟಣಕ್ಕೆ ತೆರಿಗೆ ಕಟ್ಟುವ ಕೂಲಿಯವನು ಆ ಕಾರಿನ ತೆರಿಗೆಯ ಭಾರವನ್ನೂ ಹೊತ್ತ.

ಜಯನಗರದ ಮನೆಗಳಿಗೆ ಪಾತ್ರೆ ತಿಕ್ಕಲು ಬರುವ ಹೆಣ್ಣುಮಕ್ಕಳ ಕಾರು ಅಂದರೆ ಬಿ.ಎಂ.ಟಿ.ಸಿ. ಬಸ್ಸು. ಈಗ ಅದಕ್ಕೂ ಬ್ಯಾಟರಿ ಬಂದಿದೆ. ಹೊಗೆ ಇಲ್ಲ, ಸದ್ದಿಲ್ಲ, ಒಳ್ಳೆಯದೇ. ಆದರೆ 2022ರಲ್ಲಿ ಟಾಟಾ ಕಂಪನಿಗೆ ಕೊಟ್ಟ 921 ಬಸ್ಸುಗಳ ಗುತ್ತಿಗೆ ನೋಡಿ. 12 ವರ್ಷದ ಕರಾರು. ಬಸ್ಸು ಕಂಪನಿಯದು, ಡ್ರೈವರ್ ಕಂಪನಿಯವನು, ಕಂಡಕ್ಟರ್ ಮಾತ್ರ ನಿಗಮದವನು. ಓಡಿದ ಕಿಲೋಮೀಟರಿಗೆ ಇಷ್ಟು ಅಂತ ನಿಗಮ ಕಂಪನಿಗೆ ಹಣ ಕೊಡುತ್ತದೆ. ನಿಗಮದ ನೇಮಕಾತಿಯಲ್ಲಿ ಮೀಸಲಾತಿ ಇದೆ. ಹಟ್ಟಿಯಿಂದ ಬಂದ ಎಷ್ಟೋ ಹುಡುಗರು ಆ ಖಾಕಿ ಹಾಕಿಕೊಂಡು ಮನೆ ನಿಲ್ಲಿಸಿದ್ದಾರೆ, ತಂಗಿಯರನ್ನು ಓದಿಸಿದ್ದಾರೆ. ಕಂಪನಿಯ ಡ್ರೈವರ್ ಕೆಲಸ ಆ ನೇಮಕಾತಿಯ ಪಟ್ಟಿಗೆ ಬರುವುದೇ ಇಲ್ಲ. ಸಂವಿಧಾನ ಕೊಟ್ಟ ಬಾಗಿಲು ಹೀಗೆ ಸದ್ದಿಲ್ಲದೆ ಮುಚ್ಚುತ್ತಿದೆ. ಮುಚ್ಚುತ್ತಿರುವವರು ಚೀನಾದವರಲ್ಲ.

ಗೆಳೆಯರೆ, ಕರೆಂಟ್ ಬಸ್ಸು ಬೇಡ ಅನ್ನೋದು ನಮ್ಮ ಮಾತಲ್ಲ. ಡೀಸೆಲ್ ಹೊಗೆ ಮೊದಲು ಸೇರುವುದು ರಸ್ತೆ ಗುಡಿಸುವವರ ಎದೆಗೆ. ಬಸ್ಸು ನಿಗಮದ್ದಾಗಿರಲಿ, ಡ್ರೈವರ್ ನಿಗಮದವನಾಗಿರಲಿ, ಮೀಸಲಾತಿ ಉಳಿಯಲಿ ಎಂಬುದು ನಮ್ಮ ಬೇಡಿಕೆ. ನಾಳೆ ಯಾರಾದರೂ ನಿಮ್ಮ ಊರಿಗೆ ಬಂದು ‘ಇದು ನಮ್ಮ ದೇಶದ ಕಾರು’ ಎಂದು ಭಾಷಣ ಮಾಡಿದರೆ, ನಿಮ್ಮ ಶಾಲೆಯ ಮಕ್ಕಳಿಗೆ ಒಂದೇ ಪ್ರಶ್ನೆ ಕಲಿಸಿ: ‘ಅದರಲ್ಲಿ ನಮ್ಮ ಕೇರಿಯ ಪಾಲೆಷ್ಟು, ಸ್ವಾಮಿ?’