ತಲೆಯ ಪೆಟ್ಟು ಕಾಲಿಗೆ ಇಳಿದಾಗ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳಲ್ಲಿ ತಲೆಗೆ ಪೆಟ್ಟು ತಿಂದ ಆಟಗಾರ ಮುಖಕ್ಕೆ ನೀರು ಹಾಕಿಕೊಂಡು ಮತ್ತೆ ಅಂಕಣಕ್ಕಿಳಿದರೆ ಸಾಕು, ಮೈಕು ಅವನನ್ನು ವೀರನೆಂದು ಕೊಂಡಾಡುತ್ತದೆ. ವೀಕ್ಷಕ ವಿವರಣೆಯ ಈ ಭಾಷೆಯನ್ನು ನಾವು ಪ್ರಶ್ನಿಸಬೇಕಾಗಿದೆ.

ಪೆಟ್ಟಿನಿಂದ ಮಿದುಳು ಅಲುಗಿ ಅದರ ಕೆಲಸ ಏರುಪೇರಾಗುವುದೇ ಕಂಕಷನ್. ರಕ್ತ ಕಾಣದು, ಸ್ಕ್ಯಾನ್‌ನಲ್ಲೂ ಹೆಚ್ಚಾಗಿ ಏನೂ ಸಿಗದು. ತಲೆನೋವು ನಿಂತ ಮೇಲೂ ಕಣ್ಣು ಕಂಡದ್ದಕ್ಕೆ ಕಾಲು ಸ್ಪಂದಿಸುವುದು ಕ್ಷಣ ತಡವಾಗಬಹುದು, ಸಮತೋಲನ ತಪ್ಪಬಹುದು. ಎದುರಾಳಿಗಳೆಲ್ಲರ ಮೇಲೆ ಕಣ್ಣಿಟ್ಟು, ‘ಕಬಡ್ಡಿ’ ಎನ್ನುತ್ತಲೇ ಮೈ ತಿರುಗಿಸಬೇಕಾದ ರೈಡರ್‌ಗೆ ಆ ಒಂದು ಕ್ಷಣವೇ ದುಬಾರಿ. ಕಂಕಷನ್ ಆಗಿ ಆಟಕ್ಕೆ ಮರಳಿದವರಲ್ಲಿ ಮೊಣಕಾಲು, ಪಾದದ ಗಂಟಿನಂಥ ಗಾಯಗಳ ಸಾಧ್ಯತೆ ಇತರರಿಗಿಂತ ಸುಮಾರು ಇಮ್ಮಡಿ ಎಂದು ವಿದೇಶಗಳ ಹಲವು ಅಧ್ಯಯನಗಳು ಹೇಳಿವೆ.

ಅಂತರರಾಷ್ಟ್ರೀಯ ಕ್ರಿಕೆಟ್ 2019ರಲ್ಲಿ ಕಂಕಷನ್ ಆದವನ ಬದಲಿಗೆ ಇನ್ನೊಬ್ಬನನ್ನು ಆಡಿಸಲು ಅವಕಾಶ ಕೊಟ್ಟಿತು. ಕಬಡ್ಡಿಯಲ್ಲಂತೂ ಬದಲಿ ಆಟಗಾರರು ಅಂಚಿನಲ್ಲೇ ಕುಳಿತಿರುತ್ತಾರೆ. ಇಲ್ಲದಿರುವುದು, ಪೆಟ್ಟು ತಿಂದವನನ್ನು ಹೊರಗೆ ಕೂರಿಸಿದ ತಂಡವನ್ನು ಮೆಚ್ಚುವ ಮಾತು. ನಾಳೆ ದೋಣಿಗೋ ಗಾರೆ ಕೆಲಸಕ್ಕೋ ಹೋಗಬೇಕಾದ ಹುಡುಗನ ಮೊಣಕಾಲು ಹೋದರೆ, ಅವನ ಮನೆಬಾಗಿಲಿಗೆ ಯಾವ ಮೈಕೂ ಬರುವುದಿಲ್ಲ.